ತಲೆಹಗ್ಗ

ಈನಿಯಸ್ ಮೆಲ್ಡ್ರಮ್ ನಮ್ಮೂರಿಗೆ ವಾಪಸು ಬಂದದ್ದು ಸಾಯುವುದಕ್ಕೆ. ಬದುಕುವುದಕ್ಕೆ ಅವನಿಗೆ ಬೇರೆ ಊರುಗಳಿದ್ದವು. ಚಳಿಗಾಲಕ್ಕೆ ನೇಪಲ್ಸ್, ಹುಮ್ಮಸ್ಸು ಬಂದಾಗ ಡಮಾಸ್ಕಸ್, ಒಂದು ವರ್ಷ ಕೆನಡಾ, ಇನ್ನೊಂದು ವರ್ಷ ಐಸ್‌ಲೆಂಡ್. ಹದಿನೇಳು ಕಾದಂಬರಿ ಬರೆದ. ಹದಿನೇಳರಲ್ಲೂ ನಮ್ಮ ಕಿರ್ಕ್‌ಬ್ರೇ ಇತ್ತು, ಊರಿನ ಹೆಸರು ಮಾತ್ರ ಬದಲಾಗುತ್ತಿತ್ತು. ನಮ್ಮ ಜಿಪುಣತನ, ನಮ್ಮ ಪಾದ್ರಿಯ ಮೂಗು, ನಮ್ಮ ಹೆಂಗಸರ ಜಗಳ, ಎಲ್ಲವನ್ನೂ ಲಂಡನ್ನಿನವರು ಊಟ ಮುಗಿಸಿ ಓದಿಕೊಂಡು ನಗುತ್ತಿದ್ದರು. ಕೊನೆಗೆ ಕಾಲು ಬಾತು, ಎದೆಯಲ್ಲಿ ನೀರು ತುಂಬಿ, ನಾಲ್ಕು ಮೆಟ್ಟಿಲು ಹತ್ತುವುದೂ ಆಗದೆ ಹೋದಾಗ, ಕಿರ್ಕ್‌ಬ್ರೇ ಚರ್ಚಿನ ಹಿಂದೆ ತನ್ನ ಅಪ್ಪ ಅಮ್ಮ ಮಲಗಿರುವಲ್ಲಿ ಇನ್ನೊಬ್ಬರಿಗೆ ಜಾಗವಿದೆ ಎಂಬುದು ಅವನಿಗೆ ನೆನಪಾಯಿತು. ಬಂದ.

ಅವನ ಜೊತೆ ಮೂರು ಪೆಟ್ಟಿಗೆ ಬಂದವು. ಪೆಟ್ಟಿಗೆಗಳ ಜೊತೆ ಗಾವಿನ್ ಥೇನ್ ಬಂದ.

ಗಾವಿನ್‌ಗೆ ಆಗ ಮೂವತ್ತೆಂಟು. ಹತ್ತೊಂಬತ್ತನೆಯ ವಯಸ್ಸಿನಿಂದ ಅವನು ಮೆಲ್ಡ್ರಮ್‌ನ ಪೆಟ್ಟಿಗೆ ಹೊರುತ್ತಿದ್ದ, ಗಡ್ಡ ಹೆರೆಯುತ್ತಿದ್ದ, ಜ್ವರ ಬಂದಾಗ ಬೆನ್ನ ಮೇಲೆ ಹೊತ್ತು ಮೆಟ್ಟಿಲು ಇಳಿಸುತ್ತಿದ್ದ. ಅಕ್ಷರ ಮುತ್ತಿನಂತಿದ್ದುದರಿಂದ ಬರವಣಿಗೆಯೂ ಅವನ ಕೊರಳಿಗೇ ಬಿತ್ತು. ಮೆಲ್ಡ್ರಮ್ ಸೋಫಾದ ಮೇಲೆ ಒರಗಿ ಹೇಳುತ್ತಿದ್ದ, ಇವನು ಬರೆಯುತ್ತಿದ್ದ. ಅಷ್ಟೂ ಕಾದಂಬರಿಗಳಲ್ಲಿ ಒಬ್ಬ ಆಳು ಬರುತ್ತಾನೆ, ಮೊರಗಿವಿ ಟ್ಯಾಮ್ ಅಂತ. ಮೊರದಗಲ ಕಿವಿ, ಮಂದಬುದ್ಧಿ, ಸಿಕ್ಕಸಿಕ್ಕ ಹುಡುಗಿಯ ಮೇಲೆ ಮನಸ್ಸು. ಓದುವವರಿಗೆ ಅವನೆಂದರೆ ಪ್ರಾಣ. ಕೆನಡಾದಲ್ಲಿ ಗಾವಿನ್ ಒಬ್ಬ ದೋಣಿಯವನ ಮಗಳನ್ನು ಮೆಚ್ಚಿಕೊಂಡಿದ್ದ, ಅವಳೂ ಒಪ್ಪಿದ್ದಳು. ಮೆಲ್ಡ್ರಮ್ ಮೂರೇ ದಿನದಲ್ಲಿ ಹಡಗು ಹತ್ತಿಸಿದ. ಸಮುದ್ರದ ನಡುವೆ, ವಾಂತಿ ನಿಂತ ಮೇಲೆ, ಟ್ಯಾಮ್ ಒಬ್ಬ ದೋಣಿಯವನ ಮಗಳಿಗೆ ಪ್ರೇಮಪತ್ರ ಬರೆಯುವ ಅಧ್ಯಾಯವನ್ನು ಹೇಳಿದ. ಗಾವಿನ್ ಬರೆದುಕೊಂಡ. ಎರಡು ಕಡೆ ಅಲ್ಪವಿರಾಮ ತಪ್ಪಿತ್ತೆಂದು ಬೈಸಿಕೊಂಡ.

ಗಾವಿನ್‌ನ ಕಿವಿ ನಿಜಕ್ಕೂ ದೊಡ್ಡವು. ಮೆಲ್ಡ್ರಮ್‌ನ ಕಿವಿಗಳೂ ಅಷ್ಟೇ ದೊಡ್ಡವು. ಆದರೆ ಅವನು ಕೂದಲನ್ನು ಹೆಗಲವರೆಗೆ ಬಿಟ್ಟಿದ್ದ, ಕವಿಗಳು ಬಿಡುವ ಹಾಗೆ. ಪ್ರತಿದಿನ ಬೆಳಿಗ್ಗೆ ಆ ಕೂದಲನ್ನು ಕಿವಿಯ ಮೇಲೆ ಕೂರುವಂತೆ ಬಾಚುವುದು ಗಾವಿನ್‌ನ ಮೊದಲ ಕೆಲಸ.

ಗಾವಿನ್‌ನ ತಾಯಿ ಜೆಸ್ ಥೇನ್ ಒಂದು ಕಾಲದಲ್ಲಿ ಮೆಲ್ಡ್ರಮ್‌ನ ಅಮ್ಮನ ಮನೆಯಲ್ಲಿ ಕೆಲಸಕ್ಕಿದ್ದವಳು. ಹೊಟ್ಟೆ ಕಾಣಿಸಿಕೊಂಡಾಗ ಅವಳಿಗೆ ಹತ್ತೊಂಬತ್ತು. ಮೆಲ್ಡ್ರಮ್‌ಗೆ ಇಪ್ಪತ್ತೊಂದು, ಪಾದ್ರಿಯಾಗಲು ಓದುತ್ತಿದ್ದ. ಚರ್ಚಿನ ಹಿರಿಯರು ಅವಳನ್ನು ಮೂರು ಭಾನುವಾರ ಇಡೀ ಊರಿನೆದುರು ಪಶ್ಚಾತ್ತಾಪದ ಮಣೆಯ ಮೇಲೆ ಕೂರಿಸಿದರು, ಯಾರವನು ಅಂತ ಮೂರು ಸಲ ಕೇಳಿದರು. ಜೆಸ್ ಬಾಯಿ ಬಿಡಲಿಲ್ಲ. ಅವನು ಬೇಡಿಕೊಂಡಿದ್ದ, ಅವಳು ಮಾತು ಕೊಟ್ಟಿದ್ದಳು, ಅಷ್ಟೇ. ಅವನು ಪಾದ್ರಿಯೂ ಆಗಲಿಲ್ಲ ಅನ್ನುವುದು ಬೇರೆ ಮಾತು. ಅವಳು ಅಂದಿನಿಂದ ಚರ್ಚಿನ ಬೀದಿಯ ಒಂದು ಕೋಣೆಯ ಮನೆಯಲ್ಲಿ ನೇಯ್ಗೆಯವರಿಗೆ ನೂಲು ಸುತ್ತಿಕೊಡುತ್ತ ಬದುಕಿದಳು. ಹೆಂಗಸರು ಚರ್ಚಿನಿಂದ ಹೊರಗೆ ಬರುವಾಗ ಅವಳು ಒಂದು ಮಾರು ಹಿಂದೆ ಬರುತ್ತಿದ್ದಳು. ಯಾರೂ ಹಾಗೆ ಮಾಡು ಅಂತ ಹೇಳಿರಲಿಲ್ಲ. ಹಾಗೆ ಮಾಡಬೇಡ ಅಂತಲೂ ಹೇಳಲಿಲ್ಲ.

ನಮ್ಮಲ್ಲಿ ಹೆಣವನ್ನು ಗುಂಡಿಗೆ ಇಳಿಸುವುದಕ್ಕೆ ಎಂಟು ಹಗ್ಗ. ಯಾರ ಕೈಗೆ ಯಾವ ಹಗ್ಗ ಅನ್ನುವುದು ಸಣ್ಣ ವಿಷಯವಲ್ಲ, ಅದಕ್ಕಾಗಿ ಅಣ್ಣ ತಮ್ಮಂದಿರು ಮುಖ ನೋಡುವುದನ್ನು ಬಿಟ್ಟದ್ದುಂಟು. ಕಾಲ ಕಡೆಯದು ಎರಡನೆಯ ಮರ್ಯಾದೆ, ಪಕ್ಕದವು ಉಳಿದವರಿಗೆ. ತಲೆಹಗ್ಗ ಮಾತ್ರ ಮಗನದು, ಹಿರಿಯ ಮಗನದು. ಕಪ್ಪು ಅಂಚಿನ ಕರೆಯೋಲೆಯಲ್ಲಿ ನಂಬರು ಬರೆದು ಮನೆಗೆ ಕಳಿಸುತ್ತಾರೆ. ಹೆಂಗಸರು ಗುಂಡಿಯ ಹತ್ತಿರ ಹೋಗುವ ಪದ್ಧತಿಯಿಲ್ಲ. ಕಿಟಕಿಯಿಂದ ನೋಡುತ್ತಾರೆ, ಒಂದನ್ನೂ ಬಿಡದೆ ನೋಡುತ್ತಾರೆ.

ಹತ್ತೊಂಬತ್ತು ವರ್ಷದ ಹಿಂದೆ ಮೆಲ್ಡ್ರಮ್ ಗಾವಿನ್‌ನನ್ನು ಕರೆದುಕೊಂಡು ಹೊರಟಾಗ ಹೇಳಿದ್ದು ಇದನ್ನೇ. "ಈಗ ನಾನು ಬಾಯಿ ಬಿಟ್ಟು ಏನೂ ಹೇಳೋಕಾಗಲ್ಲ ಕಣೋ. ನಾನು ಹೋದ ದಿನ ತಲೆಹಗ್ಗ ನಿನ್ನ ಕೈಲಿರುತ್ತೆ. ಊರೇ ನೋಡುತ್ತೆ. ನಿಮ್ಮವ್ವನಿಗೂ ಹೇಳು."

ಗಾವಿನ್ ಹೇಳಿದ್ದ. ಜೆಸ್ ಆ ದಿನ ಕೆಲಸ ಮಾಡಲಿಲ್ಲ, ನೂಲನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದಳು. ಅವನು ಯಾವ ದೇಶದಿಂದ ಕಾಗದ ಬರೆದರೂ ಅವಳ ಉತ್ತರದಲ್ಲಿ ಒಂದೇ ಪ್ರಶ್ನೆ ಇರುತ್ತಿತ್ತು. ಧಣಿಗಳು ಆರೋಗ್ಯವೇ? ಅದನ್ನು ಎರಡು ರೀತಿಯಲ್ಲಿ ಓದಿಕೊಳ್ಳಬಹುದಿತ್ತು. ಗಾವಿನ್ ಎರಡು ರೀತಿಯಲ್ಲೂ ಓದಿಕೊಳ್ಳುತ್ತಿದ್ದ.

ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ, ಗಂಜಿ ಕುಡಿಸಿ ಬಾಯಿ ಒರೆಸಿದ ಮೇಲೆ, ಮೆಲ್ಡ್ರಮ್ ದಿಂಬಿಗೆ ಒರಗಿ ಕೂತ. ಕರೆಯೋಲೆಗಳು ಅಚ್ಚಾಗಿ ಬಂದಿದ್ದವು. ತಾರೀಖಿನ ಜಾಗ ಮಾತ್ರ ಖಾಲಿ.

"ಹೆಸರು ಹೇಳ್ತೀನಿ, ಬರ್ಕೋ," ಅಂದ. "ಒಂದು. ತಲೆ. ಲಾರೆನ್ಸ್."

ಲಾರೆನ್ಸ್ ಅಂದರೆ ಅವನ ತಮ್ಮನ ಮಗ, ಎಡಿನ್‌ಬರೋದಲ್ಲಿ ವಕೀಲ. ವರ್ಷಕ್ಕೊಂದು ಕಾಗದ ಬರೆಯುವವನು.

ಗಾವಿನ್‌ನ ಪೆನ್ನು ಕಾಗದದ ಮೇಲೆ ನಿಂತಿತು.

"ಯಾಕೆ, ಲಾರೆನ್ಸ್ ಅನ್ನೋಕೆ ಕಾಗುಣಿತ ಬರಲ್ವಾ?"

"ಬರುತ್ತೆ ಧಣಿ."

"ಹಂಗಾದ್ರೆ ಬರಿ. ಎರಡು, ಕಾಲು. ಲಂಡನ್ನಿನ ಪ್ರಕಾಶಕರು. ಮೂರು, ಡಾಕ್ಟರು. ನಾಲ್ಕು, ಬ್ಯಾಂಕಿನವರು. ಐದು, ಕರ್ನಲ್. ಆರು, ಮೇಷ್ಟ್ರು. ಏಳು, ನಮ್ಮ ಪಾದ್ರಿಗಳು, ಪಾಪ, ಅವರ ಮೂಗಿಗೆ ಅಷ್ಟಾದ್ರೂ ಸಲ್ಲಬೇಕು. ಎಂಟು..." ಅವನು ಕಣ್ಣು ಮುಚ್ಚಿ ಯೋಚಿಸಿದ. ಗಾವಿನ್ ಕಾದ. ಎಂಟನೆಯದಾದರೂ ಸಾಕು ಅಂತ ಆ ಕ್ಷಣದಲ್ಲಿ ಅವನಿಗೆ ಅನ್ನಿಸಿತ್ತು, ಅದನ್ನು ನೆನೆದು ಆಮೇಲೆ ಅವನಿಗೆ ತನ್ನ ಮೇಲೇ ಅಸಹ್ಯವಾಯಿತು. "ಎಂಟು, ತೋಟದ ವಿಲ್ಲಿ."

"ಮಾಲಿ ವಿಲ್ಲಿನಾ?"

"ಹೂಂ. ಮಾಲಿ ಕೈಗೆ ಹಗ್ಗ ಕೊಟ್ರೆ ಪತ್ರಿಕೆಯವರು ಬರೀತಾರೆ, ಎಷ್ಟು ಸರಳ ಮನುಷ್ಯ ಅಂತ."

ಗಾವಿನ್ ಪೆನ್ನು ಕೆಳಗಿಟ್ಟ. "ನೀವು ಮಾತು ಕೊಟ್ಟಿದ್ರಿ."

"ಕೊಟ್ಟಿದ್ದೆ." ಮೆಲ್ಡ್ರಮ್ ಕಣ್ಣು ತೆರೆದು ಅವನನ್ನು ನೋಡಿದ. ಹೊಸ ಪಾತ್ರ ಸಿಕ್ಕಾಗ ನೋಡುವ ನೋಟ. "ಗಟ್ಟಿ ಮಾತು ಅದು. ಹತ್ತೊಂಬತ್ತು ವರ್ಷ ಬಾಳಿಕೆ ಬಂತು. ನೋಡು, ವಿಲ್ಲಿ ಹಿಡಿದ್ರೆ ನನ್ನ ದೊಡ್ಡತನ. ನೀನು ಹಿಡಿದ್ರೆ ನೂರು ಪ್ರಶ್ನೆ. ನಾನು ಸತ್ತು ಬಿದ್ದಿರೋವಾಗ ಅದಕ್ಕೆಲ್ಲ ಉತ್ತರ ಹೇಳೋರು ಯಾರು?"

"ಅವ್ವನಿಗೆ ಏನು ಹೇಳ್ಲಿ?"

"ನಿಮ್ಮವ್ವ ಒಳ್ಳೆಯವಳು. ಅವಳಿಗೆ ಸುಮ್ಮನಿರೋದು ಗೊತ್ತು. ನೀನೂ ಕಲ್ತ್ಕೋ." ಕೆಮ್ಮು ಬಂತು. ಗಾವಿನ್ ಅಭ್ಯಾಸಬಲದಿಂದ ಎದ್ದು ಬೆನ್ನು ನೀವಿದ. ಕೆಮ್ಮು ನಿಂತ ಮೇಲೆ ಮೆಲ್ಡ್ರಮ್ ನಕ್ಕ. "ನಿನ್ನ ಹೆಸರನ್ನ ನೀನೇ ಬರ್ಕೊಂಡ್ರೂ ನನಗೇನು ಗೊತ್ತಾಗುತ್ತೆ? ಸತ್ತವನು ಎದ್ದು ಬಂದು ಪರೀಕ್ಷೆ ಮಾಡ್ತಾನಾ? ಆದ್ರೆ ನೀನು ಬರ್ಕೊಳ್ಳಲ್ಲ. ಟ್ಯಾಮ್‌ನನ್ನ ಹದಿನೇಳು ಪುಸ್ತಕದಲ್ಲಿ ನೋಡಿದೀನಿ, ಅವನ ಕೈಲಿ ಆಗಲ್ಲ."

ಅವನು ಹೇಳಿದ್ದು ಸರಿಯಾಗಿತ್ತು. ಗಾವಿನ್ ಎಂಟು ಹೆಸರನ್ನೂ ಅಚ್ಚುಕಟ್ಟಾಗಿ ಬರೆದ. ಉಳಿದ ಅರವತ್ತು ಮನೆಗಳ ಕರೆಯೋಲೆಗಳಿಗೆ ವಿಳಾಸ ಬರೆದ. ಮಧ್ಯಾಹ್ನದ ಊಟಕ್ಕೆ ಉಪ್ಪುಮೀನು ಬೇಯಿಸಿ ಮುಳ್ಳು ತೆಗೆದು ಕೊಟ್ಟ.

ಮೂರನೆಯ ದಿನ ಅವನು ತಾಯಿಯ ಮನೆಗೆ ಹೋದ. ಜೆಸ್ ಕಿಟಕಿಯ ಗಾಜು ಉಜ್ಜುತ್ತಿದ್ದಳು. ಆ ಕಿಟಕಿ ಚರ್ಚಿನ ಬೀದಿಗೆ ತೆರೆಯುತ್ತದೆ. ಯಾವ ಹೆಣವಾದರೂ ಅದರೆದುರೇ ಹೋಗಬೇಕು.

"ಹೆಂಗಿದಾನೆ?" ಅಂದಳು.

"ಇನ್ನೊಂದು ವಾರ ಅಂತಾರೆ ಡಾಕ್ಟ್ರು."

"ಕರೆಯೋಲೆ ಬಂದ್ವಂತೆ. ಬೇಕರಿಯವಳು ಹೇಳಿದ್ಲು, ಅಚ್ಚಿನ ಮನೆಯಿಂದ ಕಟ್ಟು ಬಂತು ಅಂತ." ಅವಳು ತಿರುಗಲಿಲ್ಲ, ಗಾಜಿನ ಮೂಲೆಯನ್ನು ಉಗುರಿನಿಂದ ಕೆರೆಯುತ್ತಿದ್ದಳು. "ಎಷ್ಟು ಜನ ಬರ್ತಾರೆ?"

"ಅರವತ್ತು. ಲಂಡನ್‌ನಿಂದಲೂ."

"ಲಂಡನ್‌ನಿಂದ," ಅಂದಳು. ಇನ್ನೊಂದು ಮೂಲೆ ಉಜ್ಜುತ್ತ, "ಆವತ್ತು ಈ ಊರ ಹೆಂಗಸರು ಏನು ಹೇಳ್ತಾರೆ ಕೇಳ್ಬೇಕು ಕಣೋ. ಮೂವತ್ತೆಂಟು ವರ್ಷ ಅವರು ನನ್ನ ಕಿವಿಗೆ ಹಾಕಿದ್ದು ಒಂದೆರಡಲ್ಲ. ನಾನು ಒಂದು ಮಾತೂ ಆಡಲ್ಲ ಆವಾಗ. ಸುಮ್ನೆ ಇಲ್ಲಿ ನಿಂತಿರ್ತೀನಿ. ನೀನು ತಲೆ ಕಡೆ ನಡೀತಿರ್ತೀಯ, ಅವನ ಹಿಂದೆ ಅಷ್ಟು ದೊಡ್ಡ ಮೆರವಣಿಗೆ."

ಗಾವಿನ್ ಕಿಟಕಿಯತ್ತ ಬಂದ. "ಗಾಜು ಚೆನ್ನಾಗಿ ಹೊಳೀತಿದೆ ಅವ್ವ," ಅಂದ.

ಮಾರನೆಯ ದಿನ ಮೆಲ್ಡ್ರಮ್‌ಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ಕಣ್ಣು ಮಾತ್ರ ಎಂದಿನ ಕಣ್ಣೇ. ಡಾಕ್ಟರು ಪಕ್ಕದ ಊರಿನಿಂದ ಹಿಮದಲ್ಲಿ ಕಷ್ಟಪಟ್ಟು ಬಂದು ನೋಡಿ, ಇನ್ನೆರಡು ದಿನ, ಎಲ್ಲ ಕೇಳಿಸುತ್ತೆ ಆದರೆ ಏನೂ ಹೇಳಲಾರರು ಅಂದು ಹೊರಟುಹೋದರು.

ಎಲ್ಲ ಕೇಳಿಸುತ್ತೆ ಅನ್ನುವ ಮಾತು ಗಾವಿನ್‌ನ ತಲೆಯಲ್ಲಿ ಕೂತಿತು. ಅವನು ಬೆಂಕಿಗೆ ಕಲ್ಲಿದ್ದಲು ಹಾಕಿ, ಕರೆಯೋಲೆಗಳ ಕಟ್ಟನ್ನು ತಂದು, ಕುರ್ಚಿಯನ್ನು ಹಾಸಿಗೆಯಿಂದ ಕಾಣುವಂತೆ ಎಳೆದುಕೊಂಡ. ಮಧ್ಯಾಹ್ನದ ಎರಡು ಗಂಟೆ. ಹಿಮದ ಬೆಳಕು ಕೋಣೆಯ ತುಂಬ ಇತ್ತು, ಯಾವುದನ್ನೂ ಮುಚ್ಚಿಡುವ ಹಾಗಿರಲಿಲ್ಲ.

"ಒಂದು," ಅಂದ. "ಲಾರೆನ್ಸ್ ಮೆಲ್ಡ್ರಮ್, ವಕೀಲರು." ಓಲೆಯನ್ನು ಬೆಂಕಿಗೆ ಹಾಕಿದ. ಅದು ಸುರುಳಿಯಾಗಿ ಕಪ್ಪಾಗುವವರೆಗೆ ಸುಮ್ಮನಿದ್ದ. "ಎರಡು. ಲಂಡನ್ನಿನ ಪ್ರಕಾಶಕರು."

ಹಾಸಿಗೆಯಿಂದ ಒಂದು ಸದ್ದು ಬಂತು.

"ಆತುರ ಬೇಡ ಧಣಿ. ನೀವೇ ಹೇಳಿಕೊಟ್ಟಿದ್ರಿ, ಓದೋವಾಗ ನಿಲ್ಲಿಸಿ ನಿಲ್ಲಿಸಿ ಓದ್ಬೇಕು ಅಂತ. ಮೂರು. ಡಾಕ್ಟರು."

ಹೀಗೆ ಅರವತ್ತೆಂಟು ಓಲೆ. ಒಂದೊಂದರ ಹೆಸರು ಓದಿದ, ಒಂದೊಂದನ್ನೂ ಸುಟ್ಟ. ಒಂದೂವರೆ ಗಂಟೆ ಹಿಡಿಯಿತು. ನಡುವೆ ಒಮ್ಮೆ ಎದ್ದು ಮೆಲ್ಡ್ರಮ್‌ನ ಬಾಯಿಂದ ಇಳಿದ ಜೊಲ್ಲು ಒರೆಸಿದ, ಮೃದುವಾಗಿಯೇ ಒರೆಸಿದ. ಆಮೇಲೆ ಬಾಚಣಿಗೆ ತಂದು ಕೂದಲನ್ನು ಹಿಂದಕ್ಕೆ ಬಾಚಿ, ಎರಡೂ ಕಿವಿ ಹೊರಗೆ ಬರುವಂತೆ ದಾರದಿಂದ ಕಟ್ಟಿ, ಗಡ್ಡ ಹೆರೆಯುವ ಕನ್ನಡಿಯನ್ನು ಮುಖಕ್ಕೆ ಹಿಡಿದ. ತಾನೂ ಪಕ್ಕದಲ್ಲಿ ಬಗ್ಗಿ ಕನ್ನಡಿಯೊಳಗೆ ಮುಖ ತೂರಿಸಿದ. ನಾಲ್ಕು ಕಿವಿ ಒಟ್ಟಿಗೆ ಕಂಡವು.

"ಟ್ಯಾಮ್ ಅಂದ್ರೆ ನಾನೊಬ್ಬನೇ ಅಂದ್ಕೊಂಡಿದ್ದೆ," ಅಂದ.

ಮೆಲ್ಡ್ರಮ್‌ನ ಎಡಗೈ ಹೊದಿಕೆಯ ಮೇಲೆ ಗೀಚುವಂತೆ ಆಡಿತು. ಬರೆಯಬೇಕು ಅಂತ. ಗಾವಿನ್ ಒಂದು ಖಾಲಿ ಹಾಳೆಯನ್ನೂ ಸೀಸದ ಕಡ್ಡಿಯನ್ನೂ ಕೊಟ್ಟ. ಬರೆಯಲು ಬಾರದ ಕೈ, ಅದರಲ್ಲೂ ಸಾಯುತ್ತಿರುವವನ ಕೈ, ಎಷ್ಟೋ ಹೊತ್ತು ಒದ್ದಾಡಿತು. ವಕ್ರವಕ್ರ ಅಕ್ಷರ, ಆದರೂ ಓದಲು ಬರುತ್ತಿತ್ತು. ಗಾವಿನ್ ನನ್ನ ಮಗ. ತಲೆ. ಕೆಳಗೆ ಸಹಿಯ ಹಾಗೆ ಏನೋ ಒಂದು.

ಗಾವಿನ್ ಅದನ್ನು ಎರಡು ಸಲ ಓದಿದ. ಅವನ ಜೀವನದಲ್ಲಿ ಆ ಮಾತನ್ನು ಯಾರೂ ಬರೆದಿರಲಿಲ್ಲ, ಹೇಳಿರಲೂ ಇಲ್ಲ. ಹಾಳೆಯನ್ನು ಮಡಿಸಿ ಜೇಬಿಗೆ ಇಟ್ಟುಕೊಳ್ಳಲು ಹೋದ. ಮರುಕ್ಷಣವೇ ಮೈಯೆಲ್ಲ ಉರಿಯಿತು.

"ಈಗ ಲಂಚ ಕೊಡ್ತೀರಾ?" ಅಂದ. "ಮೂರು ದಿನದ ಹಿಂದೆ ಬಾಯಿತ್ತಲ್ಲ, ಆವಾಗ ಹೇಳ್ಬೇಕಿತ್ತು."

ಅದನ್ನೂ ಬೆಂಕಿಗೆ ಹಾಕಿದ. ಹಾಕುವಾಗ ಮೆಲ್ಡ್ರಮ್‌ನ ಮುಖವನ್ನೇ ನೋಡುತ್ತಿದ್ದ. ಆ ಕಣ್ಣಲ್ಲಿ ಭಯ ಕಂಡಿತು. ಗಾವಿನ್‌ಗೆ ಹಿತವೆನ್ನಿಸಿತು. ಸುಳ್ಳು ಯಾಕೆ ಹೇಳಲಿ, ತುಂಬ ಹಿತವೆನ್ನಿಸಿತು. ಮಾರನೆಯ ಬೆಳಿಗ್ಗೆ ಗಂಜಿ ಹಿಡಿದು ಹೋದಾಗ ಮೆಲ್ಡ್ರಮ್ ಸತ್ತಿದ್ದ.

ಗಾವಿನ್‌ನ ಲೆಕ್ಕಾಚಾರ ಹೀಗಿತ್ತು. ಕರೆಯೋಲೆ ಇಲ್ಲದ ಮೇಲೆ ಲಾರೆನ್ಸೂ ಇಲ್ಲ, ಪ್ರಕಾಶಕನೂ ಇಲ್ಲ. ತಲೆಹಗ್ಗಕ್ಕೆ ಬೇರೆ ಕೈ ಇರುವುದಿಲ್ಲ. ಊರಿನವರಂತೂ ಬಂದೇ ಬರುತ್ತಾರೆ, ಇಷ್ಟು ದೊಡ್ಡ ಹೆಸರಿನ ಹೆಣ ಹೋಗುವಾಗ ಮನೆಯೊಳಗೆ ಯಾರು ಕೂರುತ್ತಾರೆ? ನೇಪಲ್ಸಿನಲ್ಲಿ ಒಬ್ಬ ಮೀನಿನವನು ಸತ್ತರೂ ಬೀದಿಗೆ ಬೀದಿಯೇ ಹಿಂದೆ ಹೋಗುವುದನ್ನು ಅವನು ಕಂಡಿದ್ದ. ಡಮಾಸ್ಕಸ್ಸಿನಲ್ಲಿ ಗುರುತೇ ಇಲ್ಲದವರು ಅಂಗಡಿಯಿಂದ ಓಡಿಬಂದು ಹೆಣಕ್ಕೆ ಹೆಗಲು ಕೊಡುವುದನ್ನು ಕಂಡಿದ್ದ. ಹತ್ತೊಂಬತ್ತು ವರ್ಷ ಊರೂರು ಅಲೆದು ಅವನು ಕಿರ್ಕ್‌ಬ್ರೇಯನ್ನು ಮರೆತಿದ್ದ. ನಮ್ಮಲ್ಲಿ ಕರೆಯದೆ ಯಾರೂ ಹೆಣದ ಹಿಂದೆ ಹೋಗುವುದಿಲ್ಲ. ಸ್ವಂತ ಅಣ್ಣನಾದರೂ ಓಲೆ ಬರಲಿ ಅಂತ ಕಾಯುತ್ತೇವೆ.

ಬಡಗಿ ಟಾಶ್ ಪೆಟ್ಟಿಗೆ ತಂದ. ಅವನೇ ಅಳತೆ ತೆಗೆದವನು, ಅವನೇ ಹೆಣ ಮಲಗಿಸುವವನು. ಹಿಂದಕ್ಕೆ ಕಟ್ಟಿದ ಕೂದಲನ್ನೂ ಆ ಕಿವಿಗಳನ್ನೂ ನೋಡಿದ. ತಲೆಯೆತ್ತಿ ಗಾವಿನ್‌ನನ್ನು ನೋಡಿದ.

"ಎಷ್ಟು ಜನ ಬರ್ತಾರೆ?" ಅಂದ.

"ಬರೋವಷ್ಟು ಜನ ಬರ್ತಾರೆ."

"ನನಗಂತೂ ಓಲೆ ಬಂದಿಲ್ಲಪ್ಪ. ನಾನು ಕೆಲಸದವನು, ಬರ್ತೀನಿ. ನಮ್ಮಣ್ಣನಿಗೂ ಬಂದಿಲ್ಲ, ಅದನ್ನ ಮಾತ್ರ ಯಾರ ಹತ್ರಾನೂ ಹೇಳ್ಬೇಡ, ಅವನಿಗೆ ಬೇಜಾರು."

ಅದನ್ನು ಕೇಳಿಯಾದರೂ ಗಾವಿನ್‌ಗೆ ತಿಳಿಯಬೇಕಿತ್ತು. ಹೆಣ ಮನೆಯಲ್ಲಿದ್ದ ಆ ಮೂರು ದಿನ ಅರವತ್ತು ಮನೆಗಳಲ್ಲಿ ಕಪ್ಪು ಕೋಟು ಕೊಡವಿ ಗೂಟಕ್ಕೆ ನೇತುಹಾಕಿಕೊಂಡು ಗಂಡಸರು ಅಂಚೆಯವನ ದಾರಿ ನೋಡಿದರು. ಓಲೆ ಬರಲಿಲ್ಲ. ಪ್ರತಿಯೊಬ್ಬನೂ ಊರಿಗೆಲ್ಲ ಬಂದಿದೆ, ತನ್ನೊಬ್ಬನನ್ನೇ ಬಿಟ್ಟಿದ್ದಾರೆ ಅಂದುಕೊಂಡ. ಅದನ್ನು ಹೊರಗೆ ಆಡುವುದುಂಟೇ? ನಾಲಿಗೆ ಕಚ್ಚಿಕೊಂಡು ಸುಮ್ಮನಾದರು. ಹೆಣ ಹೊರಡುವ ದಿನ ಅರವತ್ತು ಮನೆಯವರೂ ಕಿಟಕಿಯ ಪರದೆ ಎಳೆದರು. ಹೆಂಗಸರನ್ನೂ ಹತ್ತಿರ ಸುಳಿಯಗೊಡಲಿಲ್ಲ. ತಾನು ಮನೆಯಲ್ಲೇ ಉಳಿದಿದ್ದೇನೆ ಅಂತ ಬೀದಿಯಲ್ಲಿ ಹೋಗುವ ಪಕ್ಕದ ಮನೆಯವನಿಗೆ ಕಾಣಬಾರದಲ್ಲ. ಪಕ್ಕದ ಮನೆಯವನೂ ಪರದೆಯ ಹಿಂದೆಯೇ ಕೂತಿದ್ದ. ಪಾದ್ರಿಗಳು ಬಾಗಿಲು ಹಾಕಿಕೊಂಡು ಭಾನುವಾರದ ಪ್ರವಚನ ಬರೆಯುತ್ತಿದ್ದರು.

ಹೀಗಾಗಿ ಹದಿನೇಳು ಕಾದಂಬರಿಯ ಈನಿಯಸ್ ಮೆಲ್ಡ್ರಮ್, ಟಾಶ್‌ನ ಎಳೆಬಂಡಿಯ ಮೇಲೆ, ಮಧ್ಯಾಹ್ನ ಒಂದು ಗಂಟೆಗೆ, ಖಾಲಿ ಬೀದಿಯಲ್ಲಿ ಹೋದ. ಹಿಮದ ಮೇಲೆ ಚಕ್ರ ಸದ್ದು ಮಾಡಲಿಲ್ಲ. ಟಾಶ್, ಅವನ ಇಬ್ಬರು ಕೆಲಸದವರು, ಮಾಲಿ ವಿಲ್ಲಿ, ಗುಂಡಿ ತೋಡುವವನು, ಗಾವಿನ್. ಆರು ಜನ. ಗಾವಿನ್ ಬೀದಿಯ ಎರಡೂ ಕಡೆ ನೋಡುತ್ತ ನಡೆದ. ಬಾಗಿಲು ತೆರೆಯುತ್ತದೆ, ಈಗ ತೆರೆಯುತ್ತದೆ ಅಂತ ಚರ್ಚಿನ ಗೇಟಿನವರೆಗೂ ನೋಡಿದ. ತೆರೆದಿದ್ದ ಕಿಟಕಿ ಒಂದೇ, ಅವನ ತಾಯಿಯದು. ಅದರ ಗಾಜು ಹೊಳೆಯುತ್ತಿತ್ತು. ಜೆಸ್ ಒಳ್ಳೆಯ ಶಾಲು ಹೊದ್ದು ನಿಂತಿದ್ದಳು. ಅವಳು ಮಗನನ್ನು ನೋಡಲಿಲ್ಲ, ಅವನ ಹಿಂದೆ ಬೀದಿಯ ತುದಿಯವರೆಗೆ ನೋಡುತ್ತಿದ್ದಳು.

ಗುಂಡಿಯ ಹತ್ತಿರ ಟಾಶ್ ಹಗ್ಗಗಳನ್ನು ಬಿಡಿಸಿದ. ಗಾವಿನ್ ಹೋಗಿ ತಲೆಹಗ್ಗವನ್ನು ತೆಗೆದುಕೊಂಡ. ಯಾರೂ ಬೇಡ ಅನ್ನಲಿಲ್ಲ, ಯಾರೂ ಅವನತ್ತ ನೋಡಲೂ ಇಲ್ಲ.

"ಆ ಕಡೆ ಸ್ವಲ್ಪ ಸಡಿಲ ಬಿಡು," ಅಂದ ಟಾಶ್. "ನಿನಗೆ ಹೆಣ ಇಳಿಸಿ ಅಭ್ಯಾಸ ಇಲ್ಲ. ವಿಲ್ಲಿ, ಕೆಮ್ಮು ನಿಂತ ಮೇಲೆ ಹಿಡಿ."

ಎರಡು ಹಗ್ಗಗಳಿಗೆ ಕೈಯಿರಲಿಲ್ಲ. ಟಾಶ್ ಅವನ್ನು ಪೆಟ್ಟಿಗೆಯ ಮೇಲೆಯೇ ಎಸೆದ. ಪೆಟ್ಟಿಗೆ ಓರೆಯಾಗಿ ಇಳಿದು ಒಂದು ಬದಿಗೆ ಬಡಿಯಿತು. ಗುಂಡಿ ತೋಡುವವನು ಒಮ್ಮೆ ಬೈದ. ಹತ್ತು ನಿಮಿಷದಲ್ಲಿ ಎಲ್ಲ ಮುಗಿಯಿತು.

ಗಾವಿನ್ ತಾಯಿಯ ಮನೆಗೆ ಬಂದ. ಅವಳು ಓಟ್ ರೊಟ್ಟಿಯನ್ನೂ ಒಂದು ಲೋಟ ವಿಸ್ಕಿಯನ್ನೂ ಮೇಜಿನ ಮೇಲೆ ಇಟ್ಟಿದ್ದಳು, ಸಾವಿನ ಮನೆಯಲ್ಲಿ ಇಡುವ ಹಾಗೆ.

"ನಾನು ತಲೆಹಗ್ಗ ಹಿಡಿದೆ ಅವ್ವ."

"ಹಿಂದೆ ಯಾರೂ ಇರ್ಲಿಲ್ಲವಲ್ಲೋ," ಅಂದಳು. "ಯಾಕೆ ಯಾರೂ ಬರ್ಲಿಲ್ಲ? ಅಷ್ಟು ದೊಡ್ಡವನು. ಅಷ್ಟು ಓದಿದವನು. ಯಾಕೋ ಹಂಗೆ ಆಯ್ತು ಅವನಿಗೆ?"

ಅವಳು ಅತ್ತಳು. ಅವಳು ಅಳುವುದನ್ನು ಅವನು ಎಂದೂ ನೋಡಿರಲಿಲ್ಲ. ಮಗನ ಸಲುವಾಗಿ ಅಳುತ್ತಿಲ್ಲ, ಸತ್ತವನ ಸಲುವಾಗಿ ಅಳುತ್ತಿದ್ದಾಳೆ ಅನ್ನುವುದು ಅವನಿಗೆ ತಿಳಿಯಿತು. ಇಷ್ಟು ವರ್ಷ ಅವಳು ಕಾದದ್ದು ಮಗನಿಗೆ ಸಲ್ಲಬೇಕಾದ್ದಕ್ಕೆ ಮಾತ್ರ ಅಂತ ಅವನು ನಂಬಿದ್ದ. "ಹಿಮ ಅವ್ವ," ಅಂದ. "ದಾರಿ ಕಟ್ಟಿತ್ತು."

ಡಾಕ್ಟರು ಬರೆದ ಕಾಗದದಿಂದ ಸುದ್ದಿ ತಿಳಿದು ಲಾರೆನ್ಸ್ ಮೆಲ್ಡ್ರಮ್ ಶನಿವಾರ ಬಂದ. ಭಾನುವಾರ ಪ್ರಾರ್ಥನೆ ಮುಗಿದು ಜನ ಚರ್ಚಿನ ಬಾಗಿಲಲ್ಲಿ ನಿಂತಿದ್ದಾಗ ಗಾವಿನ್‌ನ ಹತ್ತಿರ ಬಂದು ಕೈ ಕುಲುಕಿದ. ಸಭ್ಯ ಮನುಷ್ಯ, ಕಪ್ಪು ಕೈಗವಸು ತೊಟ್ಟಿದ್ದ, ಕಣ್ಣು ಕೆಂಪಗಿತ್ತು.

"ನೀನೇ ಅವರನ್ನ ಮಣ್ಣು ಮಾಡಿದೆಯಂತೆ. ನಿನ್ನಂಥ ಆಳು ಸಿಗೋದು ಕಷ್ಟ," ಅಂದ. "ಒಂದು ಮಾತ್ರ ನನಗೆ ಅರ್ಥ ಆಗ್ತಿಲ್ಲ. ನನಗೂ ಓಲೆ ಬರ್ಲಿಲ್ಲ, ಈ ಊರಲ್ಲಿ ಯಾರಿಗೂ ಬರ್ಲಿಲ್ಲ ಅಂತಾನೆ ಅಂಚೆಯವನು. ಯಾರನ್ನೂ ಕರೀಬೇಡ ಅಂದ್ರಾ ದೊಡ್ಡಪ್ಪ?"

ಯಾರಿಗೂ ಬರಲಿಲ್ಲ ಅನ್ನುವ ಮಾತು ಕೇಳಿ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ಎಲ್ಲರಿಗೂ ನಿರಾಳವಾಯಿತು, ಆಮೇಲೆ ಕೋಪ ಬಂತು, ಎಲ್ಲ ಕಣ್ಣೂ ಗಾವಿನ್‌ನತ್ತ ತಿರುಗಿದವು.

ಹೌದು, ಯಾರನ್ನೂ ಕರೆಯಬೇಡ ಅಂದರು ಅಂತ ಹೇಳಿದ್ದರೆ ಮುಗಿಯುತ್ತಿತ್ತು. ಮೆಲ್ಡ್ರಮ್‌ನ ಸ್ವಭಾವ ಬಲ್ಲ ನಾವು ನಂಬುತ್ತಿದ್ದೆವು, ನಾಲ್ಕು ಮಾತು ಬೈದು ಊಟಕ್ಕೆ ಹೋಗುತ್ತಿದ್ದೆವು. ಗಾವಿನ್‌ನ ನಾಲಿಗೆಯ ತುದಿಗೆ ಅದು ಬಂದೂ ಇತ್ತು. ಆದರೆ ಆಳು ಅಂದದ್ದು ಅವನಿಗೆ ಚುಚ್ಚಿತ್ತು. ಅದೂ ಇಷ್ಟು ಜನರೆದುರು, ಅವನು ಬಯಸಿದ್ದ ಅಷ್ಟೂ ಜನರೆದುರು.

"ಕರೆಯೋಕೆ ಹೇಳಿದ್ರು," ಅಂದ. "ಅರವತ್ತೆಂಟು ಓಲೆ ಇತ್ತು. ನಾನು ಸುಟ್ಟೆ. ಅವರ ಕಣ್ಣೆದುರಿಗೇ ಒಂದೊಂದಾಗಿ ಸುಟ್ಟೆ. ತಲೆಹಗ್ಗ ನಿಮ್ಮದಲ್ಲ, ನನ್ನದು. ನಾನು ಅವರ ಮಗ."

ಮೊದಲು ಮಾತಾಡಿದವನು ಬಡಗಿ ಟಾಶ್. ಎರಡೂ ಜೊತೆ ಕಿವಿಗಳನ್ನು ಹತ್ತಿರದಿಂದ ನೋಡಿದ್ದವನು ಅವನೊಬ್ಬನೇ.

"ಮಗ ಆಗಿದ್ರೆ ಹಂಗೆ ಮಾಡ್ತಿದ್ನಾ?" ಅಂದ. "ನಮ್ಮೂರಲ್ಲಿ ತಿರಿದು ತಿನ್ನೋನು ಕೂಡ ಅಪ್ಪನ್ನ ಮಣ್ಣು ಮಾಡೋವಾಗ ನಾಲ್ಕು ಜನಾನ ಕರೀತಾನೆ. ನಾಯಿ ಹೂತಂಗೆ ಹೂತು ಬಂದೋನು ಮಗ ಅಂತೆ."

"ಸಾಯ್ತಾ ಇರೋರ ಕಣ್ಣೆದುರಿಗೆ," ಅಂದಳು ಯಾರೋ ಹೆಂಗಸು. "ದೇವರೇ."

ಲಾರೆನ್ಸ್ ಬಿಳಿಚಿಕೊಂಡಿದ್ದ. ವಕೀಲನಲ್ಲವೇ, ಸಾಕ್ಷಿಗಾಗಿ ಸುತ್ತ ನೋಡಿದ. ಹೆಂಗಸರ ಗುಂಪಿನಿಂದ ಒಂದು ಮಾರು ಹಿಂದೆ ನಿಂತಿದ್ದ ಜೆಸ್ ಕಣ್ಣಿಗೆ ಬಿದ್ದಳು. "ಇವನ ತಾಯಿ ಅಲ್ವಾ ನೀವು? ಹೇಳಮ್ಮ. ಇವನು ಹೇಳ್ತಿರೋದು ನಿಜಾನಾ?"

ಚರ್ಚಿನ ಹಿರಿಯರು ಕೇಳಿ ಬಿಟ್ಟ ಮೇಲೆ, ಮೂವತ್ತೆಂಟು ವರ್ಷದಲ್ಲಿ, ಯಾರಾದರೂ ಅವಳನ್ನು ಹಾಗೆ ಕೇಳಿದ್ದು ಇದೇ ಮೊದಲು. ಜನ ದಾರಿ ಬಿಟ್ಟು ನಿಂತರು. ಗಾವಿನ್ ಅವಳತ್ತ ಎರಡು ಹೆಜ್ಜೆ ಇಟ್ಟ.

"ಹೇಳವ್ವ," ಅಂದ. "ಇನ್ನು ಹೇಳಬಹುದು."

ಜೆಸ್ ಶಾಲನ್ನು ಎದೆಗೆ ಎಳೆದುಕೊಂಡಳು. ಮಗನ ಮುಖವನ್ನು ನೆಟ್ಟ ಕಣ್ಣಿನಿಂದ ನೋಡಿದಳು.

"ನಿಜ ಅಲ್ಲ ಸ್ವಾಮಿ," ಅಂದಳು. "ಧಣಿಗಳು ಅಂಥೋರಲ್ಲ. ಇವನಪ್ಪ ಯಾರೋ ದಾರಿ ಮೇಲೆ ಹೋಗೋನು. ಹೆಸರೂ ನೆನಪಿಲ್ಲ ನನಗೆ."

ಹೆಂಗಸರು ಸರಿದು ಅವಳಿಗೆ ಜಾಗ ಮಾಡಿದರು. ಬೇಕರಿಯವಳು ಅವಳ ತೋಳು ಹಿಡಿದಳು. ಅವರ ನಡುವೆ ನಡೆದುಕೊಂಡು ಜೆಸ್ ಮನೆಗೆ ಹೋದಳು.

ಜನ ಚದುರಿದ ಮೇಲೆ ಗಾವಿನ್ ಅವಳ ಬಾಗಿಲಿಗೆ ಬಂದ. ಒಳಗಿನಿಂದ ಅಗುಳಿ ಹಾಕಿತ್ತು. ಬಡಿದ.

"ಯಾರು?"

"ನಾನು ಅವ್ವ. ಗಾವಿನ್."

ಅವಳು ಬಾಗಿಲ ಹತ್ತಿರ ಬಂದು ನಿಂತದ್ದು ಕೇಳಿಸಿತು. ಅವಳು ದನಿ ಎತ್ತಲಿಲ್ಲ.

"ಅವನ ಹೆಸರಿಗೆ ಮಸಿ ಹತ್ತಬಾರದು ಅಂತ ಜೀವಮಾನವೆಲ್ಲ ಬಾಯಿ ಕಟ್ಕೊಂಡಿದ್ದೆ," ಅಂದಳು. "ಅವನು ಮಾತಾಡೋಕೆ ಆಗದೆ ಬಿದ್ದಿರೋವಾಗ ನೀನು ಅವನ ಮುಂದೆ ಕೂತು ಆಟ ಆಡ್ದೆ. ಅವರ ಮನೆ ಆಳಲ್ವಾ ನೀನು? ಅಲ್ಲಿಗೇ ಹೋಗು."